ಗಿಡ್ಡ ಎಸಳು

ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಅಗ್ನಿಶಾಮಕ ದಳದವನು ಅಪ್ಪನ ಬಂದೂಕಿನ ಟ್ರಿಗರಿಗೆ ಹಳದಿ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಿದ್ದಾಗ, ಯಾರೋ ತನ್ನ ಕೊರಳಿಗೇ ಹುರಿ ಬಿಗಿಯುತ್ತಿದ್ದಾರೆ ಅನ್ನಿಸಿ ಆರ್ಲೋ ವೆಂಟ್ಜ್‌ನ ಮುಖ ಕಹಿಯಾಯಿತು. ಹಳೆಯ ಬಂದೂಕು ಕೂಡಿಡುವವರ ಸಂಘದ ಮೇಳದಲ್ಲಿ ಪ್ರತಿ ವರ್ಷವೂ ಹೀಗೇ. ಒಳಗೆ ಹೋಗುವ ಪ್ರತಿ ಬಂದೂಕಿಗೂ ಪಟ್ಟಿ ಬೀಳಬೇಕು, ಅದು ನಿಯಮ. ಆದರೆ ನಿಯಮ ಮಾಡಿದವರು ಕಸಕ್ಕೂ ಕಾಣಿಕೆಗೂ ವ್ಯತ್ಯಾಸ ತಿಳಿಯದವರು. “ಇದು ಹಾರಿಹೋಗಲ್ಲ ಬಿಡಿ ಮೇಷ್ಟ್ರೇ, ಭದ್ರವಾಗಿ ಕಟ್ಟಿದೀನಿ” ಎಂದು ಅವನು ನಕ್ಕ. ಒಂದು ಕಾಲದಲ್ಲಿ ಇತಿಹಾಸದ ತರಗತಿಯ ಹಿಂದಿನ ಬೆಂಚಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದವನು ಇವನು. ಆಗಲೂ ಹೀಗೇ ನಗುತ್ತಿದ್ದ. ಆರ್ಲೋ ಮಗುವನ್ನು ಎತ್ತಿಕೊಳ್ಳುವಂತೆ ಬಂದೂಕನ್ನು ಎರಡು ತೋಳಿನ ಮೇಲೆ ತೆಗೆದುಕೊಂಡು ಒಳಗೆ ನಡೆದ.

ದಳದ ದೊಡ್ಡ ಹಾಲಿನಲ್ಲಿ ಆಗಲೇ ಹ್ಯಾಮು, ಹುರುಳಿಕಾಯಿ ಬೇಯುವ ವಾಸನೆ ತುಂಬಿತ್ತು. ದಳದ ಹೆಂಗಸರು ಅಡುಗೆಮನೆಯ ಕಿಟಕಿಯಿಂದ ಸೂಪಿನ ಬಟ್ಟಲುಗಳನ್ನು ಹೊರಗೆ ತಳ್ಳುತ್ತಿದ್ದರು. ವಾರದ ಹಿಂದೆ ಇದೇ ಮೇಜುಗಳ ಮೇಲೆ ಯಾರದೋ ಮದುವೆಯ ಊಟ ನಡೆದಿತ್ತು. ಗೋಡೆಯ ಮೂಲೆಯಲ್ಲಿ ಒಂದು ಬಿಳಿ ಕಾಗದದ ಗಂಟೆ ಇನ್ನೂ ನೇತಾಡುತ್ತಿತ್ತು. ಈಗ ಆ ಮೇಜುಗಳ ಮೇಲೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ಸಾಲುಸಾಲಾಗಿ ಮಲಗಿದ ಜಪಾನಿನ ಬಂದೂಕುಗಳು. ಅವುಗಳ ಹಿಂದೆ ಅವುಗಳ ಒಡೆಯರು, ಹೊಟ್ಟೆಗಳನ್ನು ಮೇಜಿನ ಅಂಚಿಗೆ ಒರಗಿಸಿ, ಕಾಗದದ ಲೋಟದ ಕಾಫಿಯನ್ನು ಊದಿ ಊದಿ ಕುಡಿಯುತ್ತಿದ್ದವರು. ಟೈರು ಮಾರುವವರು, ಶಾಲೆಯ ಬಸ್ಸು ಓಡಿಸುವವರು, ಹಲ್ಲು ಕೀಳುವವನೊಬ್ಬ. ಐವತ್ತು ವರ್ಷದ ಹಿಂದೆ ಸತ್ತ ಸೈನ್ಯವೊಂದರ ಕಬ್ಬಿಣಕ್ಕೆ ಎಣ್ಣೆ ಸವರುವುದೇ ಇವರ ಭಾನುವಾರದ ಪೂಜೆ. ಜಪಾನೀ ಅಕ್ಷರ ಒಂದೂ ಬಾರದೆ, ನಳಿಗೆಯ ಮೇಲಿನ ಮೂರು ಅಕ್ಷರವನ್ನು ತಲೆಕೆಳಗಾಗಿಯೇ ಓದಿ ತಲೆದೂಗುತ್ತಿದ್ದರು. ಆರ್ಲೋ ಅವರನ್ನು ಕಂಡು ಹೇಸುತ್ತಿದ್ದ. ಅವರಿಲ್ಲದ ಭಾನುವಾರವನ್ನು ನೆನೆಸಿಕೊಂಡರೂ ಹೇಸುತ್ತಿದ್ದ.

ಹಾಲಿನ ನಡುವಿನ ಮೇಜು ಅವನದು. ಯಾರೂ ಅದನ್ನು ಅವನಿಗೆಂದು ಗೊತ್ತು ಮಾಡಿರಲಿಲ್ಲ, ಬೇರೆ ಯಾರೂ ಅಲ್ಲಿ ಕೂರುತ್ತಲೂ ಇರಲಿಲ್ಲ. ಗಾಜಿನ ಪೆಟ್ಟಿಗೆಯನ್ನು ಒರೆಸಿ ಅಪ್ಪನ ಬಂದೂಕನ್ನು ಅದರಲ್ಲಿ ಮಲಗಿಸಿದ. ಮೂವತ್ತೆಂಟನೆಯ ಮಾದರಿಯ ಅರಿಸಾಕ, ಉದ್ದ ನಳಿಗೆ, ಗುಂಡು ತುಂಬುವ ಜಾಗದ ನೆತ್ತಿಯ ಮೇಲೆ ಉಕ್ಕಿನಲ್ಲಿ ಅರಳಿದ ಸೇವಂತಿಗೆ, ಚಕ್ರವರ್ತಿಯ ಹೂವು, ಹದಿನಾರು ಎಸಳು. ಈ ಹಾಲಿನಲ್ಲಿ ಮನುಷ್ಯರ ಅಂತಸ್ತು ನಿಂತಿದ್ದುದು ಆ ಹೂವಿನ ಮೇಲೆ. ಸೋತ ಸೈನ್ಯ ಆಯುಧ ಒಪ್ಪಿಸುವ ಮುಂಚೆ ಒಂದೊಂದು ಬಂದೂಕಿನ ಹೂವನ್ನೂ ಅರದಿಂದ ಉಜ್ಜಿ ಅಳಿಸಿತ್ತಂತೆ, ದೊರೆಯ ಗುರುತು ಶತ್ರುವಿನ ಕೈಗೆ ಬೀಳಬಾರದೆಂದು. ಹಾಗಾಗಿ ಹೂವು ಅಳಿದ ಬಂದೂಕು ಎಂದರೆ ರಾಶಿಯಿಂದ ಎತ್ತಿಕೊಂಡದ್ದು, ಯುದ್ಧ ಮುಗಿದ ಮೇಲೆ ಹೋದವನು ತಂದದ್ದು. ಹೂವು ಉಳಿದ ಬಂದೂಕು ಎಂದರೆ ಕಾದಾಡಿ ಕಿತ್ತುಕೊಂಡದ್ದು. ಇಷ್ಟೇ ಶಾಸ್ತ್ರ. ಸಸ್ಕ್ವೆಹಾನಾ ಹೊಳೆಯ ಈಚೆ ದಡದ ಯಾವ ಮನೆಯಲ್ಲೇ ಆಗಲಿ, ಅಜ್ಜ ವೀರನೋ ಅಥವಾ ಸುಮ್ಮನೆ ಹೋಗಿ ಬಂದವನೋ ಎಂಬುದನ್ನು ಮೊಮ್ಮಕ್ಕಳು ಹೆಬ್ಬೆಟ್ಟಿನಷ್ಟಗಲದ ಆ ಜಾಗ ನೋಡಿ ತಿಳಿದುಕೊಳ್ಳುತ್ತಿದ್ದರು.

ಹೆಬ್ಬೆಟ್ಟೇ ಆರ್ಲೋನ ಹೆಸರು ಮಾಡಿದ್ದು. ಕೆಲವರು ಅಳಿದ ಹೂವನ್ನು ಮತ್ತೆ ಕೊರೆಸಿ ಮಾರುತ್ತಿದ್ದರು. ಕಣ್ಣು ಮೋಸಹೋದರೂ ಬೆರಳು ಮೋಸಹೋಗದು: ಒಮ್ಮೆ ಉಜ್ಜಿದ ಉಕ್ಕು ಸ್ವಲ್ಪ ತಗ್ಗಿರುತ್ತದೆ, ಆ ತಗ್ಗಿನಲ್ಲಿ ಎಂಥ ಹೂವು ಕೊರೆದರೂ ಹಳ್ಳ ಹಳ್ಳವೇ. ಆರ್ಲೋ ಕಣ್ಣು ಮುಚ್ಚಿ ಹೆಬ್ಬೆಟ್ಟು ಇಡುತ್ತಿದ್ದ. ಬಂದೂಕಿನವನು ಎದುರಿಗೆ ನಿಂತು ಉಗುಳು ನುಂಗುತ್ತಿದ್ದ. ಕಣ್ಣು ತೆರೆಯುವ ಮುಂಚೆ ಆರ್ಲೋ ಸ್ವಲ್ಪ ತಡೆಯುತ್ತಿದ್ದ, ಅಗತ್ಯಕ್ಕಿಂತ ಜಾಸ್ತಿಯೇ; ಆ ತಡೆಯುವಿಕೆಯ ರುಚಿ ಅವನಿಗೆ ಗೊತ್ತಿತ್ತು. “ನಿಮ್ಮಜ್ಜ ಒಳ್ಳೆಯವರು ಅಂತ ಕೇಳಿದೀನಿ” ಎಂದು ಶುರುಮಾಡಿದನೆಂದರೆ ಮುಗಿಯಿತು, ಮುಂದಿನದನ್ನು ಹೇಳಬೇಕಾಗಿರಲಿಲ್ಲ. ಹೋದ ವರ್ಷ ಹಲ್ಲಿನ ಡಾಕ್ಟರು ಎಲ್ಲರೆದುರು ಕಣ್ಣೀರು ಹಾಕಿದ್ದ. ಮನೆಗೆ ಹೋಗಿ ಆರ್ಲೋ ಹೆಂಡತಿಗೆ ಅದನ್ನು ನಟಿಸಿ ತೋರಿಸಿದ್ದ. ಅವಳು ನಗದೆ ತಟ್ಟೆ ತೊಳೆದಿದ್ದಳು.

ಆದರೆ ಒಂದು ವಿನಾಯಿತಿ ಇತ್ತು, ಅದನ್ನು ಕಂಡುಹಿಡಿದವನೂ ಅವನೇ. ಹಳ್ಳವಿದ್ದೂ ಹೂವು ಅಸಲಿಯಾಗಿರಬಹುದು, ಅದರ ಬಲಗಡೆಯ ಕೊನೆಯ ಎಸಳು ಗಿಡ್ಡವಾಗಿದ್ದರೆ. ಯುದ್ಧದ ಕೊನೆಗಾಲದ ಒಂದು ಕಾರ್ಖಾನೆಯಲ್ಲಿ ಅವಸರಕ್ಕೆ ಉಕ್ಕನ್ನು ಒರಟಾಗಿ ಉಜ್ಜಿ ಸವೆದ ಅಚ್ಚನ್ನೇ ಹೊಡೆಯುತ್ತಿದ್ದರು, ಅದಕ್ಕೇ ಹಳ್ಳ, ಅದಕ್ಕೇ ಗಿಡ್ಡ ಎಸಳು ಎಂದು ಸಂಘದ ಪತ್ರಿಕೆಯಲ್ಲಿ ಬರೆದಿದ್ದ. ಎಲ್ಲಿಂದ ಬಂತು ಈ ವಿಚಾರ ಎಂದು ಯಾರೂ ಕೇಳಲಿಲ್ಲ. ಅಚ್ಚಿನ ಅಕ್ಷರದಲ್ಲಿ ಬಂದದ್ದನ್ನು ಈ ಜನ ಪ್ರಶ್ನಿಸುವವರಲ್ಲ. ಈಗ ದೂರದ ಊರಿನವರೂ ಅದನ್ನು ‘ವೆಂಟ್ಜ್ ಎಸಳು’ ಎಂದು ಕರೆಯುತ್ತಿದ್ದರು. ಆ ಎಸಳು ಇರುವ ಬಂದೂಕುಗಳು ಹೆಚ್ಚಾಗಿ ಸಿಕ್ಕುವುದು ಈ ಹೊಳೆಯ ಈಚೆಗಿನ ಊರುಗಳಲ್ಲೇ ಎಂಬುದೂ ಸಂಘಕ್ಕೆ ಹೆಮ್ಮೆಯ ವಿಷಯ. ಈ ಕಡೆಯ ಹುಡುಗರೆಲ್ಲ ಒಂದೇ ಪಡೆಯಲ್ಲಿ ಹೋಗಿದ್ದರಲ್ಲ, ಒಂದೇ ಕಡೆ ಕಾದಾಡಿರಬೇಕು.

“ಮೇಷ್ಟ್ರೇ, ಮೂರನೇದು ಸಿಕ್ತು” ಎಂದು ಟೈರಿನ ಡೆಲ್ಬರ್ಟ್ ಯೋಸ್ಟ್ ಬಂದು ಗಾಜಿನ ಮೇಲೆ ಮೊಣಕೈ ಊರಿದ. ಹಣೆಗೆ ಏರಿಸಿಕೊಂಡ ಭೂತಗನ್ನಡಿ ಅವನಿಗೆ ಮೂರನೆಯ ಕಣ್ಣಿನಂತಿತ್ತು. “ಗಿಡ್ಡ ಎಸಳು. ಕ್ಷೌರದಂಗಡಿ ಕಾರ್ಲನ ವಿಧವೆ ಹತ್ರ. ಅಟ್ಟದ ಮೇಲೆ ಪರದೆ ಕೋಲು ಮಾಡ್ಕೊಂಡಿದ್ಲು ಅಂತೀನಿ.”

“ಮೊಣಕೈ ತೆಗಿ. ಗಾಜು.”

“ತೆಗ್ದೆ. ನನ್ನ ಹತ್ರ ಮೂರು, ನಿಮ್ಮ ಹತ್ರ ಒಂದು. ಈಗ ಯಾರು ದೊಡ್ಡೋರು ಹೇಳಿ.”

“ಸಂತೇಲಿ ಗೆಣಸು ಜಾಸ್ತಿ ಇದ್ದೋನು ದೊಡ್ಡೋನು.”

ಡೆಲ್ಬರ್ಟ್ ನಕ್ಕ. ಬೈದರೂ ನಗುವ ಜಾತಿ. ಆರ್ಲೋನಿಂದ ಬೈಸಿಕೊಳ್ಳುವುದು ಈ ಹಾಲಿನಲ್ಲಿ ಒಂದು ಮರ್ಯಾದೆಯಾಗಿತ್ತು, ಅದೇ ಅವನಿಗೆ ಇನ್ನಷ್ಟು ಹೇಸಿಗೆ ತರುತ್ತಿತ್ತು. ಗಾಜಿನ ಮೇಲೆ ಮೊಣಕೈ ಬಿಟ್ಟ ಮಬ್ಬನ್ನು ಕರವಸ್ತ್ರದಿಂದ ಒರೆಸಿದ. ಒರೆಸುತ್ತ ಕೆಳಗಿನ ಹೂವನ್ನು, ಅದರ ಗಿಡ್ಡ ಎಸಳನ್ನು ನೋಡಿದ. ಅದನ್ನು ನೋಡುತ್ತಿದ್ದನೇ ಹೊರತು ಮುಟ್ಟುತ್ತಿರಲಿಲ್ಲ. ಊರಿನ ಬಂದೂಕುಗಳನ್ನೆಲ್ಲ ತಡವಿದ ಹೆಬ್ಬೆಟ್ಟನ್ನು ಈ ಒಂದರ ಮೇಲೆ ಅವನು ಇಟ್ಟಿರಲಿಲ್ಲ. ಬೆವರು ತಗುಲಿದರೆ ತುಕ್ಕು ಹಿಡಿಯುತ್ತದೆ ಕಣೋ, ಮುಟ್ಟಬೇಡ ಎಂದು ಅಪ್ಪ ಹೇಳುತ್ತಿದ್ದ; ಅಪ್ಪ ಹೋದ ಮೇಲೂ ಆ ಮಾತು ಉಳಿದಿತ್ತು. ಅಪ್ಪ, ಕ್ಲೆಟಸ್ ವೆಂಟ್ಜ್, ಚಮಚದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ, ಉಕ್ಕಿನ ಅಚ್ಚಿನಲ್ಲಿ ಗುಲಾಬಿ, ದ್ರಾಕ್ಷಿಬಳ್ಳಿ ಕೊರೆಯುವ ಕೆಲಸ. ಹಬ್ಬದ ಊಟಕ್ಕೆ ಯಾರ ಮನೆಗೆ ಹೋದರೂ ಚಮಚ ತಿರುಗಿಸಿ ನೋಡಿ, ಈ ಎಲೆ ನಂದು ಎನ್ನುತ್ತಿದ್ದ. ಆಮೇಲೆ ಎರಡನೆಯ ಲೋಟಕ್ಕೆ ಗುಹೆಯ ಕಥೆ ಬರುತ್ತಿತ್ತು. ಗುಹೆಯ ಬಾಯಿ, ಕತ್ತಲು, ಒಳಗಿನಿಂದ ಬಂದ ಒಬ್ಬನೇ ಒಬ್ಬ, ಅವನ ಹಲ್ಲು, ಅವನ ಕೈಯಲ್ಲಿದ್ದ ಈ ಬಂದೂಕು. ಮಾಜಿ ಯೋಧರ ಭವನದ ಊಟದಲ್ಲಿ ಎಲ್ಲರೂ ಉಸಿರು ಹಿಡಿದು ಕೇಳುತ್ತಿದ್ದರು. ಗುಹೆಯ ಬಾಯಿ ಬರುತ್ತಿದ್ದಂತೆ ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಆಲೂಗಡ್ಡೆ ಸುಲಿಯುವುದಿದೆ ಎನ್ನುತ್ತಿದ್ದಳು. ಊಟವಾದ ಮೇಲೆ ಯಾವ ಆಲೂಗಡ್ಡೆ?

“ನೀನು ಕ್ಲೆಟಸನ ಮಗ ಅಲ್ವೇನಪ್ಪ?”

ಎದುರಿಗೆ ಒಬ್ಬ ಮುದುಕಿ ನಿಂತಿದ್ದಳು. ಗಂಡಸಿನ ಕೋಟು, ಭಾನುವಾರದ ಟೋಪಿ. ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದ ಕಂದು ಕಂಬಳಿಯ ಸುರುಳಿಯಿಂದ ಹಳದಿ ಪಟ್ಟಿಯ ತುದಿ ಇಣುಕುತ್ತಿತ್ತು. ಮೇಲಿನ ಬೀದಿಯ ವರ್ನಾ ಸ್ಟ್ರೂಪ್. ಗಂಡ ಎಲ್ವುಡ್ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಆರ್ಲೋ ಮಣ್ಣಿಗೆ ಹೋಗಿರಲಿಲ್ಲ. ಎಲ್ವುಡ್ ಸ್ಟ್ರೂಪ್ ಎಂದರೆ ಊರಿನಲ್ಲಿ ಒಂದು ತಮಾಷೆಯ ಮಾತು. ಯುದ್ಧದ ಕಥೆ ಕೇಳಿದರೆ, ಹಡಗಿನಲ್ಲಿ ವಾಂತಿ ಮಾಡಿಕೊಂಡೆ, ವಾಪಸ್ ಬಂದೆ, ಅಷ್ಟೇ ಎನ್ನುತ್ತಿದ್ದವನು. ಮೆರವಣಿಗೆಯ ದಿನ ಅಪ್ಪ ಮುಂದಿನ ಕಾರಿನಲ್ಲಿ ಕೂತು ಕೈ ಬೀಸುವಾಗ ಎಲ್ವುಡ್ ಬೇಲಿಗೆ ಬಣ್ಣ ಬಳಿಯುತ್ತಿದ್ದ.

“ಬನ್ನಿ ಮಿಸೆಸ್ ಸ್ಟ್ರೂಪ್. ಮಾರೋದಾ?” ಎಂದ ಆರ್ಲೋ.

“ಮಾರೋಕಲ್ಲ. ಒಂದು ಮಾತು ಕೇಳ್ಬೇಕು, ಅಷ್ಟೇ. ನಿಂಗೆ ಬೆರಳಿಟ್ರೆ ಗೊತ್ತಾಗತ್ತಂತೆ.” ಅವಳು ಸುರುಳಿಯನ್ನು ಮೇಜಿನ ಮೇಲೆ ಇಟ್ಟಳು. “ನಮ್ಮೆಜಮಾನ್ರು ಹೇಳೋರು, ನಮ್ಮ ಹಡಗು ಮುಟ್ಟೋ ಹೊತ್ಗೆ ಎಲ್ಲಾ ಮುಗ್ದಿತ್ತು ಕಣೇ, ಬಂದರಲ್ಲಿ ಬಂದೂಕಿನ ರಾಶಿ ಇತ್ತು, ಸಾಲು ನಿಲ್ಸಿ ಒಬ್ಬೊಬ್ರಿಗೆ ಒಂದೊಂದು ಕೊಟ್ರು, ಗುದ್ದಲಿ ಕೊಟ್ಟಂಗೆ ಅಂತ. ನಿಮ್ಮಪ್ಪ ಹೇಳೋರು ಗುಹೆ. ಇಬ್ರೂ ಒಂದೇ ಪಡೆ, ಒಂದೇ ಹಡಗು. ಇಬ್ರಲ್ಲಿ ಒಬ್ರು ಸುಳ್ಳು ಹೇಳಿರ್ಬೇಕಲ್ಲ.”

“ಯುದ್ಧದಲ್ಲಿ ಒಂದೇ ಪಡೆಯವ್ರೂ ಬೇರೆಬೇರೆ ಕಡೆ ಹೋಗ್ತಾರೆ.”

“ಇರ್ಬೋದು. ಮಣ್ಣಿನ ದಿನ ಪಾದ್ರಿ ನಮ್ಮೆಜಮಾನ್ರನ್ನ ವೀರ ಅಂದ. ಹಿಂದಿನ ಸಾಲಲ್ಲಿ ಯಾರೋ ಕೆಮ್ಮಿದ್ರು. ಅದು ಕೆಮ್ಮಲ್ಲ ಅಂತ ನಂಗೆ ಗೊತ್ತಾಯ್ತು. ನಂಗೆ ವೀರ ಬೇಡಪ್ಪ. ಆ ಮನುಷ್ಯ ಇನ್ನೇನೂ ಕೊಡ್ಲಿಲ್ಲ ನಂಗೆ, ಒಂದು ಒಳ್ಳೇ ಮನೆ ಕೊಡ್ಲಿಲ್ಲ, ಸಮುದ್ರ ತೋರಿಸ್ಲಿಲ್ಲ. ಸುಳ್ಳು ಹೇಳ್ತಿರ್ಲಿಲ್ಲ, ಅದೊಂದೇ. ಅದು ನಿಜ ತಾನೇ ಅಂತ ಒಂದ್ಸಲ ಕೇಳ್ಕೊಂಡ್ರೆ ಸಾಕು.”

ಕಂಬಳಿ ಬಿಚ್ಚಿದಳು. ಮರ ಒಣಗಿ ಬಿರುಕು ಬಿಟ್ಟಿತ್ತು, ಬೋಲ್ಟು ತುಕ್ಕು. ಕಸ, ಎಂದುಕೊಂಡ ಆರ್ಲೋ, ಒಂದು ನಿಮಿಷದ ಕೆಲಸ; ಹೂವು ಅಳಿದಿರುತ್ತದೆ, ರಾಶಿ ಎಂದು ಹೇಳಿ ಕಳಿಸಿದರಾಯಿತು. ನೆತ್ತಿಯ ಕಡೆ ತಿರುಗಿಸಿದ. ಹೂವು ಅಳಿದಿತ್ತು. ಅಳಿದು ಮತ್ತೆ ಅರ್ಧ ಹುಟ್ಟಿತ್ತು. ಬಲಗಡೆಯ ಏಳೆಂಟು ಎಸಳುಗಳು ಮಾತ್ರ, ಚೂಪಾಗಿ, ಅಂದವಾಗಿ, ಕೊನೆಯದು ಗಿಡ್ಡ. ಎಡಗಡೆ ಬರೀ ಉಕ್ಕು. ಅದರ ಮೇಲೆ ಮುಂದಿನ ಎಸಳುಗಳಿಗೆಂದು ಸೂಜಿಮೊನೆಯಲ್ಲಿ ಎಳೆದ ತೆಳ್ಳನೆಯ ಗೆರೆಗಳು, ಕೊರೆಯುವವನು ಊಟಕ್ಕೆಂದು ಎದ್ದುಹೋದಂತೆ.

“ಇದನ್ನ ಯಾರಿಗಾದ್ರೂ ಕೊಟ್ಟಿದ್ರಾ?” ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು.

“ಯಾರಿಗೆ ಕೊಡೋದು. ಒಂದು ಚಳಿಗಾಲ ನಿಮ್ಮಪ್ಪನ ಹತ್ರಾನೇ ಇತ್ತು, ಎಣ್ಣೆ ಹಾಕಿ ಸರಿ ಮಾಡ್ಕೊಡ್ತೀನಿ ಅಂತ ಇಸ್ಕೊಂಡಿದ್ರು. ಒಂದಿನ ನಮ್ಮೆಜಮಾನ್ರು ಹೋದೋರು ಕಂಕುಳಲ್ಲಿಟ್ಕೊಂಡು ಬಂದೇ ಬಿಟ್ರು. ಅವತ್ತಿಂದ ಇಬ್ರಿಗೂ ಮಾತಿಲ್ಲ. ಯಾಕೆ ಅಂತ ಕೇಳಿದ್ರೆ, ‘ಎಣ್ಣೆ ಜಾಸ್ತಿ ಹಾಕ್ದ’ ಅಂದ್ರು. ಅಷ್ಟೇ. ಎಣ್ಣೆಗೆ ಯಾರಾದ್ರೂ ಮಾತು ಬಿಡ್ತಾರಾ?”

ಚಿಕ್ಕಂದಿನ ಮನೆಯ ನೆಲಮಾಳಿಗೆಯ ಮೆಟ್ಟಿಲು ಮರದ್ದು. ಮೇಲಿನಿಂದ ಮೂರನೆಯದು ಕಿರುಗುಡುತ್ತಿತ್ತು, ಆದ್ದರಿಂದ ಅದನ್ನು ದಾಟಿ ಇಳಿಯಬೇಕು. ಅಪ್ಪನ ಬೆನ್ನು. ಬೆಂಚಿನ ಅಂಚಿಗೆ ಕಚ್ಚಿದ ವೈಸು ಎಂಬ ಕಬ್ಬಿಣದ ಇಕ್ಕಳ, ಅದರ ದವಡೆಯ ನಡುವೆ ಅಡ್ಡ ಮಲಗಿದ ಉದ್ದನೆಯದು. ಬಾ ಇಲ್ಲಿ, ದೀಪ ಹಿಡಿ, ಅಲುಗಾಡಿಸಬೇಡ. ಉಕ್ಕಿನಿಂದ ಕೂದಲಿನಂಥ ಚೂರುಗಳು ಎದ್ದು ಸುರುಳಿಯಾಗಿ ಬೀಳುತ್ತಿದ್ದವು. ಒಂದು ಚೂರು ಅಂಗೈಗೆ ಬಿದ್ದು ಚುರ್ ಎಂದಿತು, ದೀಪ ಅಲುಗಾಡಿತು, ಅಪ್ಪ ಬೈಯಲಿಲ್ಲ. ಬೈದದ್ದು ವೈಸಿಗೆ. ಈ ಬೋಳಿಮಗನ ದವಡೆ ಅಡ್ಡ ಬರತ್ತೆ ನೋಡು, ಉಳಿ ಆ ಕಡೆಗೆ ಹೋಗೋದೇ ಇಲ್ಲ, ಕೊನೇದು ಯಾವಾಗ್ಲೂ ಗಿಡ್ಡ. ಯಾವಾಗಲೂ. ಆ ಯಾವಾಗಲೂ ಎಂಬ ಮಾತನ್ನು ಆರ್ಲೋ ಎಲ್ಲಿ ಹೂತಿಟ್ಟಿದ್ದ? ಹೂತಿಟ್ಟಿರಲಿಲ್ಲ. ಅದಕ್ಕೆ ಕೋಟು ತೊಡಿಸಿ, ಕಾರ್ಖಾನೆಯ ಹೆಸರು ಕೊಟ್ಟು, ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ.

ಮೇಜಿನ ಸುತ್ತ ಜನ ಸೇರತೊಡಗಿದ್ದರು. ಕಂಬಳಿಯಿಂದ ಹೊರಬರುವ ಬಂದೂಕು ಎಂದರೆ ಈ ಹಾಲಿಗೆ ಸತ್ತ ದನದ ವಾಸನೆ ಇದ್ದಂತೆ, ಹದ್ದುಗಳನ್ನು ಯಾರೂ ಕರೆಯಬೇಕಿಲ್ಲ. ಡೆಲ್ಬರ್ಟ್ ಹಣೆಯ ಗಾಜನ್ನು ಕಣ್ಣಿಗೆ ಇಳಿಸಿಕೊಳ್ಳುತ್ತಿದ್ದುದು ಓರೆಗಣ್ಣಿಗೆ ಕಂಡಿತು. ಆರ್ಲೋ ಬಂದೂಕನ್ನು ಮಗುಚಿ ಹೂವನ್ನು ಕಂಬಳಿಯ ಕಡೆ ಮಾಡಿದ. ಮೊದಲು ಮಾತಾಡಿದವನ ಮಾತೇ ನಿಲ್ಲುವ ಜಾಗ ಇದು.

“ಮಿಸೆಸ್ ಸ್ಟ್ರೂಪ್, ನಿಮ್ಮೆಜಮಾನ್ರು ಒಳ್ಳೆಯವ್ರು ಅಂತ ಕೇಳಿದೀನಿ.” ಸುತ್ತ ನಿಂತವರಲ್ಲಿ ಒಬ್ಬಿಬ್ಬರು ಮುಸಿಮುಸಿ ನಕ್ಕರು, ಈ ಶುರು ಅವರಿಗೆ ಬಾಯಿಪಾಠ. “ಇದು ರಾಶಿ ಬಂದೂಕೇ. ಆದ್ರೆ ಆಮೇಲೆ ಯಾರೋ ಕೂತು ಹೂವು ಕೊರೆಯಕ್ಕೆ ಹೋಗಿದಾರೆ. ಅರ್ಧಕ್ಕೆ ಕೈ ಸೋತು ಬಿಟ್ಟಿದಾರೆ. ಮನೇಲಿದ್ದ ಬಂದೂಕು. ಬೇರೆ ಯಾರು ಕೊರೀತಾರೆ ಹೇಳಿ.”

ವರ್ನಾ ಅವನನ್ನು ನೋಡಿದಳು. “ನಮ್ಮೆಜಮಾನ್ರಾ? ಪೆನ್ಸಿಲ್ ಕೆತ್ತಕ್ಕೆ ಬರ್ತಿರ್ಲಿಲ್ಲ ಅವರಿಗೆ. ಬ್ರೆಡ್ ಕೊಯ್ದ್ರೆ ಒಂದು ಕಡೆ ದಪ್ಪ, ಒಂದು ಕಡೆ ಕಾಗದ.”

“ಅದಕ್ಕೇ ಅರ್ಧಕ್ಕೆ ನಿಂತಿರೋದು” ಎಂದ ಆರ್ಲೋ. ಎಲ್ಲರೂ ನಕ್ಕರು. ನಗು ಬಂದದ್ದು ಅವನಿಗೆ ಹಿತವೆನಿಸಿತು. ಹಿತವೆನಿಸಿದ್ದು ಗೊತ್ತಾಗಿ ನಾಲಿಗೆಯ ಕೆಳಗೆ ಹುಳಿ ಊರಿತು. ತಾನು ಸತ್ತವನೊಬ್ಬನ ಜೇಬಿಗೆ ಅಪ್ಪನ ಉಳಿಯನ್ನು ತುರುಕುತ್ತಿದ್ದೇನೆ. ಎಷ್ಟು ಸಲೀಸು. ಸತ್ತವರ ಜೇಬುಗಳು ತೆರೆದೇ ಇರುತ್ತವೆ.

ಅಷ್ಟರಲ್ಲಿ ಡೆಲ್ಬರ್ಟ್ ಕೇಳದೆಯೇ ಬಂದೂಕನ್ನು ತನ್ನತ್ತ ತಿರುಗಿಸಿಕೊಂಡು ಮೂಗು ತಾಗುವಷ್ಟು ಬಗ್ಗಿದ್ದ. ಬಗ್ಗಿದವನು ಏಳಲೇ ಇಲ್ಲ. ಅವನ ಕತ್ತಿನ ಹಿಂಭಾಗ ಕೆಂಪಾಗುತ್ತ ಬಂತು.

“ಮೇಷ್ಟ್ರೇ” ಎಂದ ಕೊನೆಗೆ, ದೇವರ ಕೋಣೆಯಲ್ಲಿ ಮಾತಾಡುವವನ ದನಿಯಲ್ಲಿ. “ಬಲಗಡೆ ಕೊನೇದು ನೋಡಿದ್ರಾ?”

“ಏನದು?”

“ಗಿಡ್ಡ. ನಿಮ್ಮ ಎಸಳು. ಕೊರೆದದ್ದಲ್ಲ ಇದು, ಕಾರ್ಖಾನೇದು. ಅಚ್ಚು ಓರೆಯಾಗಿ ಬಿದ್ದಿದೆ, ಅರ್ಧ ಮೂಡಿದೆ, ಅರ್ಧ ಮೂಡಿಲ್ಲ. ನೀವೇ ಬರ್ದಿದೀರಲ್ಲ, ಅವಸರದ ಕಾಲ, ಸವೆದ ಅಚ್ಚು ಅಂತ. ಇಗೋ ಸಾಕ್ಷಿ. ಅಯ್ಯೋ ಮೇಷ್ಟ್ರೇ, ಕಣ್ಣಿಗೆ ಏನಾಯ್ತು ನಿಮಗೆ ಇವತ್ತು?”

ಗಾಜುಗಳು ಇಳಿದವು, ತಲೆಗಳು ಕೂಡಿದವು. ಹಲ್ಲಿನ ಡಾಕ್ಟರು ತನ್ನ ಕಸುಬಿನ ಪುಟ್ಟ ಕನ್ನಡಿಯನ್ನೇ ಜೇಬಿನಿಂದ ತೆಗೆದು ಹಿಡಿದ. ಓರೆ ಅಚ್ಚು, ಓರೆ ಅಚ್ಚು ಎಂಬ ಮಾತು ಬಾಯಿಯಿಂದ ಬಾಯಿಗೆ ಹಾರಿ ಅಡುಗೆಮನೆಯ ಕಿಟಕಿಯವರೆಗೂ ಹೋಯಿತು. ಒಬ್ಬಳು ಹೆಂಗಸು ಸೌಟು ಹಿಡಿದುಕೊಂಡೇ ಇಣುಕಿದಳು. ಎಳೆದ ಗೆರೆಗಳು ಅವರ ಕಣ್ಣೆದುರಿಗೇ ಇದ್ದವು. ಯಾರಿಗೂ ಕಾಣಲಿಲ್ಲ, ಆರ್ಲೋ ಪತ್ರಿಕೆಯಲ್ಲಿ ಬರೆದದ್ದರಲ್ಲಿ ಗೆರೆಗಳ ಮಾತು ಬಂದಿರಲಿಲ್ಲ. ಆರ್ಲೋ ಅವರ ಬೋಳುತಲೆಗಳನ್ನು ಮೇಲಿನಿಂದ ನೋಡಿದ. ತಾನು ಉಗಿದದ್ದನ್ನೇ ಪ್ರಸಾದವೆಂದು ಹಂಚಿಕೊಂಡು ತಿನ್ನುತ್ತಿದ್ದ ಜನ. ತನ್ನನ್ನು ಯಾರೂ ಹಿಡಿಯಲಾರರು. ಅವರ ದಡ್ಡತನವೇ ತನಗೆ ಕೋಟೆಯಾಗಿ ನಿಂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಡೆಲ್ಬರ್ಟ್ ಟೋಪಿ ತೆಗೆದು ವರ್ನಾಳ ಕಡೆ ತಿರುಗಿದ. “ಅಮ್ಮಾ, ನಿಮ್ಮೆಜಮಾನ್ರ ಹೂವು ಯಾರೂ ಉಜ್ಜಿಲ್ಲ. ಉಜ್ಜಿಲ್ಲ ಅಂದ್ರೆ ಇದು ರಾಶೀದಲ್ಲ. ಕಾದಾಡಿ ಕಿತ್ಕೊಂಡಿದ್ದು. ಅವ್ರೂ ಗುಹೆಯೊಳಗೆ ಹೋಗಿದ್ರು, ಕ್ಲೆಟಸ್ ಥರಾನೇ. ಹೇಳ್ಕೊಳ್ಳೋ ಸ್ವಭಾವ ಇರ್ಲಿಲ್ಲ ಅಷ್ಟೇ. ನಾವೆಲ್ಲ ಅವ್ರನ್ನ ಏನೇನೋ ಅಂದ್ವಿ, ತಪ್ಪಾಯ್ತು.”

“ರಾಶಿ ಅಂತ ಹೇಳಿದ್ರಲ್ಲಪ್ಪ ಅವ್ರು.”

“ಹೇಳಿರ್ತಾರೆ. ದೊಡ್ಡೋರು ಹಂಗೇ.”

“ಗುದ್ದಲಿ ಕೊಟ್ಟಂಗೆ ಅಂತ ಹೇಳಿದ್ರು.” ಅವಳು ಡೆಲ್ಬರ್ಟನನ್ನು ಬಿಟ್ಟು ಆರ್ಲೋನ ಮುಖ ಹುಡುಕಿದಳು. “ಆರ್ಲೋ, ನೀನು ಹೇಳು. ರಾಶಿದಲ್ವಾ?”

ಒಂದು ಸಣ್ಣ ಮಾತು. ತಲೆ ಆಡಿಸಿದರೂ ಸಾಕಿತ್ತು. “ಅಲ್ಲ” ಎಂದ ಆರ್ಲೋ.

ಯಾರೋ ಚಪ್ಪಾಳೆ ತಟ್ಟಿದರು. ವರ್ನಾ ಕುರ್ಚಿಗಾಗಿ ಹಿಂದೆ ಕೈ ಚಾಚಿದಳು, ಕುರ್ಚಿ ಇರಲಿಲ್ಲ, ಮೇಜಿನ ಅಂಚು ಸಿಕ್ಕಿತು. ಅಲ್ಲಿ ನಿಂತವರಿಗೆ ಅದು ಸಂತೋಷದ ತಲೆಸುತ್ತು ಎನ್ನಿಸಿತು. ನೀರು ತರಲು ಒಬ್ಬ ಓಡಿದ. ಆರ್ಲೋ ಮಾತ್ರ ಅವಳ ಬಾಯಿಯ ಎದುರಿಗೇ ಇದ್ದ. ಆ ಬಾಯಿ ಒಳಗೆ ಕುಸಿಯಿತು, ಹಲ್ಲಿನ ಸೆಟ್ಟು ತೆಗೆದಂತೆ.

“ಹಂಗಾದ್ರೆ ನಂಗೂ ಸುಳ್ಳು ಹೇಳಿದ್ರು” ಎಂದಳು, ಅವನಿಗಷ್ಟೇ ಕೇಳುವಂತೆ. “ಒಂದೇ ಹಾಸಿಗೇಲಿ ಮಲಗಿ.” ಆಮೇಲೆ, “ಇನ್ನೇನೇನು ಹೇಳಿರ್ಬೋದು?” ಎಂದಳು.

ಆರ್ಲೋನಿಗೆ ಅವಳ ಮೇಲೆ ಕನಿಕರ ಬರಲಿಲ್ಲ. ಬಂದಿದ್ದರೆ ಬಹುಶಃ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದ. ಕನಿಕರವನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸಿ ಮಲಗಬಹುದಿತ್ತು. ಬಂದದ್ದು ಬೇರೆ. ಡೆಲ್ಬರ್ಟ್ ಆಗಲೇ ಆ ಬಂದೂಕನ್ನು ಎತ್ತಿ ಗಾಜಿನ ಪೆಟ್ಟಿಗೆಯ ಮೇಲೆ, ಅಪ್ಪನ ಬಂದೂಕಿನ ನೆತ್ತಿಯ ಮೇಲೆಯೇ, ಜೋಡಿಯಾಗಿ ಇಟ್ಟಿದ್ದ. ಕೆಳಗೆ ಪೂರ್ಣ, ಮೇಲೆ ಅರ್ಧ. ಒಂದೇ ಕೈ. ಇಷ್ಟು ಹತ್ತಿರ ಇಟ್ಟರೂ ಯಾವ ನಾಯಿಗೂ ವಾಸನೆ ಹತ್ತಲಿಲ್ಲವಲ್ಲ ಎಂದು ಅವರ ಮೇಲೆ ಎದ್ದ ತಿರಸ್ಕಾರ ತನ್ನ ಮೇಲೂ ಅಪ್ಪನ ಮೇಲೂ ಅಲೆಯಂತೆ ಹಾದು, ಎಲ್ಲೂ ನಿಲ್ಲಲು ದಡವಿಲ್ಲದೆ, ಬಾಯಿಗೇ ಬಂತು.

“ಇದು ನಮ್ಮಪ್ಪ ಕೊರೆದದ್ದು” ಎಂದ.

“ಏನಂದ್ರಿ?”

“ಈ ಅರ್ಧ ಹೂವು. ನಮ್ಮಪ್ಪ ಕೊರೆದದ್ದು, ನಮ್ಮ ನೆಲಮಾಳಿಗೇಲಿ. ವೈಸಿನ ದವಡೆ ಅಡ್ಡ ಬರ್ತಿತ್ತು, ಉಳಿ ಆಕಡೆ ಹೋಗ್ತಿರ್ಲಿಲ್ಲ. ಅದಕ್ಕೇ ಕೊನೇ ಎಸಳು ಗಿಡ್ಡ. ದೀಪ ಹಿಡಿದಿದ್ದೋನು ನಾನು. ಕಾರ್ಖಾನೆಯೂ ಇಲ್ಲ, ಸವೆದ ಅಚ್ಚೂ ಇಲ್ಲ.”

ಡೆಲ್ಬರ್ಟ್ ನಕ್ಕ, ಬಹಳ ಜೋರಾಗಿ. “ಮೇಷ್ಟ್ರು ಇವತ್ತು ತಮಾಷೆ ಮಾಡೋ ಹುಮ್ಮಸ್ಸಲ್ಲಿದಾರೆ. ಹಂಗಾದ್ರೆ ನಂದು ಮೂರೂ ನಿಮ್ಮಪ್ಪಂದೇ ಅನ್ನಿ.”

“ಮೂರೂ.”

“ಹ್ಯಾರಿಸ್ಬರ್ಗ್ ವಸ್ತುಸಂಗ್ರಹಾಲಯದಲ್ಲಿ ಒಂದಿದೆ. ಅದೂ?”

“ಬೆರಳಿಟ್ಟು ನೋಡ್ಕೋ. ಹಳ್ಳ ಇರತ್ತೆ. ಉಜ್ಜಿದ ಹಳ್ಳ.”

ಯಾರೂ ಬೆರಳಿಡಲಿಲ್ಲ. ಆರ್ಲೋ ಒಂದೊಂದೇ ಮುಖ ನೋಡುತ್ತ ಹೋದ, ತರಗತಿಯಲ್ಲಿ ಪ್ರಶ್ನೆ ಕೇಳಿ ನೋಡುವ ಹಾಗೆ. ಇವರಿಗೆ ಅರ್ಥವಾಗಲಿಲ್ಲ ಎಂದುಕೊಂಡಿದ್ದ. ಅರ್ಥವಾಗಿತ್ತು. ಎಲ್ಲ, ಒಂದು ಚೂರೂ ಬಿಡದೆ. ಅದಕ್ಕೇ ನಗುತ್ತಿದ್ದರು. ಹಲ್ಲಿನ ಡಾಕ್ಟರು ಕನ್ನಡಿಯನ್ನು ಜೇಬಿಗೆ ಹಾಕಿ, ಹೆಂಡತಿ ಕಾಯುತ್ತಿದ್ದಾಳೆ ಎಂದ. ಡೆಲ್ಬರ್ಟ್ ತನ್ನ ಮೇಜಿಗೆ ಹಿಂದಿರುಗಿ, ಏನೂ ಆಗದವನಂತೆ ಸಿಳ್ಳೆ ಹಾಕುತ್ತ, ಹಸಿರು ಬಟ್ಟೆಯ ಅಂಚನ್ನು ಎತ್ತಿ ತನ್ನ ಮೂರು ಬಂದೂಕಿನ ನೆತ್ತಿಗಳ ಮೇಲೆ ಎಳೆದ, ಮಲಗಿದ ಮಕ್ಕಳಿಗೆ ಹೊದಿಸುವಂತೆ. ಅಲ್ಲಿಂದ, ಈ ಕಡೆ ನೋಡದೆ, “ಪಾಪ, ಮೇಷ್ಟ್ರಿಗೆ ವಯಸ್ಸಾಯ್ತು” ಎಂದು ಪಕ್ಕದವನಿಗೆ ಹೇಳಿದ್ದು ಕೇಳಿಸಿತು. ಪಕ್ಕದವನು ಹೂಂ ಎಂದ. ಮುಂದಿನ ಸಂಚಿಕೆಯಲ್ಲಿ ಇದು ಹೇಗೆ ಬರುತ್ತದೆಂದು ಆರ್ಲೋನಿಗೆ ಕಣ್ಣಿಗೆ ಕಟ್ಟಿತು: ಬರುವುದೇ ಇಲ್ಲ. ವೆಂಟ್ಜ್ ಎಸಳು ವೆಂಟ್ಜ್‌ನಿಲ್ಲದೆಯೇ ಬದುಕುತ್ತದೆ.

ವರ್ನಾ ಸ್ಟ್ರೂಪ್ ಅಲ್ಲೇ ಇದ್ದಳು. ಯಾರೋ ತಂದ ನೀರಿನ ಲೋಟವನ್ನು ಕುಡಿಯದೆ ಮೇಜಿನ ಮೇಲೆ ಇಟ್ಟಳು.

“ಹಂಗಾದ್ರೆ ರಾಶಿ” ಎಂದಳು.

“ರಾಶಿ.”

“ಇಬ್ರಿಗೂ.”

“ಇಬ್ರಿಗೂ.”

ಅವಳು ತಲೆಯಾಡಿಸಿದಳು, ಅಂಗಡಿಯವನು ಕೋಟಿಗೆ ಸರಿಯಾದ ಗುಂಡಿ ತೆಗೆದುಕೊಟ್ಟಾಗ ಆಡಿಸುವಷ್ಟು. ಥ್ಯಾಂಕ್ಸ್ ಹೇಳಲಿಲ್ಲ. ಗಾಜಿನ ಮೇಲಿಂದ ಬಂದೂಕನ್ನು ತಾನೇ ಎತ್ತಿ ಕಂಬಳಿ ಸುತ್ತಿದಳು, ನಿಧಾನವಾಗಿ, ತುದಿಗಳನ್ನು ಒಳಗೆ ಮಡಿಸಿ. “ನಿಮ್ಮಮ್ಮ ಯಾಕೆ ಎದ್ದೆದ್ದು ಅಡುಗೆಮನೆಗೆ ಬರೋಳು ಅಂತ ಈಗ ತಿಳೀತು” ಎಂದಳು. “ಮಾಜಿ ಯೋಧರ ಊಟಕ್ಕೆ ಪಾತ್ರೆ ತೊಳೀತಿದ್ದೋಳು ನಾನು. ಬಂದು ನನ್ನ ಪಕ್ಕ ನಿಂತ್ಕೊಂಡು, ಸುಲಿದಿದ್ದ ಆಲೂಗಡ್ಡೇನೇ ಸುಲಿಯೋಳು. ಬೀಜದಷ್ಟಾಗೋ ತನಕ ಸುಲಿಯೋಳು.” ಸುರುಳಿಯನ್ನು ಕಂಕುಳಿಗೆ ಏರಿಸಿಕೊಂಡಳು, ಎಲ್ವುಡ್ ಒಂದು ದಿನ ಏರಿಸಿಕೊಂಡು ಬಂದಂತೆ. “ನೀನು ಆಗ್ಲೇ ಹೇಳ್ಬೇಕಿತ್ತು ಕಣೋ, ನಾನು ಮೊದಲ್ನೇ ಸಲ ಕೇಳ್ದಾಗ್ಲೇ. ಸುಮ್ನೆ ಅವ್ರನ್ನ ಒಂದು ಗಳಿಗೆ ಅನುಮಾನ ಪಟ್ಟೆ ನಾನು.” ಆ ಒಂದು ಗಳಿಗೆಯನ್ನು ಅವಳು ಅವನಿಗೆ ಬಿಟ್ಟು ಬಾಗಿಲ ಕಡೆ ನಡೆದಳು. ಬಾಗಿಲಲ್ಲಿ ಅಗ್ನಿಶಾಮಕ ದಳದವನು ಪಟ್ಟಿ ಕತ್ತರಿಸಲು ಎದ್ದ; ಅವಳು ಬೇಡ, ಇರಲಿ ಎಂದಳು.

ಆರ್ಲೋನ ಮೇಜಿನ ಹತ್ತಿರ ಯಾರೂ ಬರಲಿಲ್ಲ. ಜನ ಸೂಪಿನ ಸಾಲಿಗೆ ಹೋಗುವಾಗ ಅವನ ಮೇಜನ್ನು ಬಳಸಿ ಹೋದರು, ನೆಲದ ಮೇಲೆ ಚೆಲ್ಲಿದ್ದನ್ನು ಬಳಸಿ ಹೋಗುವಂತೆ. ಅವನು ಗಾಜಿನ ಮುಚ್ಚಳ ಎತ್ತಿದ. ಮನೆಯ ಎಣ್ಣೆಯ ವಾಸನೆ ಬಂತು. ಸಾಯುವ ಮುಂಚೆ ಅಪ್ಪ ಒಂದು ತಿಂಗಳು ಆಸ್ಪತ್ರೆಯ ಮಂಚದ ಮೇಲಿದ್ದ. ಆಗಲೂ ನರ್ಸಿಗೆ ಗುಹೆಯ ಕಥೆ ಹೇಳುತ್ತಿದ್ದ, ಆರ್ಲೋ ಕುರ್ಚಿಯಲ್ಲಿ ಕೂತು ತಪ್ಪಿದ ವಿವರಗಳನ್ನು ತಿದ್ದುತ್ತಿದ್ದ. ಒಮ್ಮೆ ಮಾತ್ರ, ನರ್ಸು ಹೋದ ಮೇಲೆ, ಅಪ್ಪ ಅವನ ಕೈ ಹಿಡಿದು ಅಂಗೈ ಮಗುಚಿ, ಏನನ್ನೋ ಹುಡುಕುವವನಂತೆ ನೋಡಿದ್ದ. ಸುಟ್ಟ ಕಲೆ ಎಂದೋ ಮಾಸಿಹೋಗಿತ್ತು. ಅಪ್ಪ ಕೈ ಬಿಟ್ಟಿದ್ದ.

ಎಲ್ಲರಿಗೂ ಮಾಡುವಂತೆ ಆರ್ಲೋ ಕಣ್ಣು ಮುಚ್ಚಿದ. ಹೆಬ್ಬೆಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡು ಹೂವಿನ ಮೇಲೆ ಇಟ್ಟ. ಹಳ್ಳವಿತ್ತು. ಆಳವಾಗಿಯೇ ಇತ್ತು, ಅವನು ಈವರೆಗೆ ತಡವಿ ನಕ್ಕ ಯಾವ ಹಳ್ಳಕ್ಕಿಂತಲೂ ಆಳ. ಅಂಚಿನಲ್ಲಿ ಅಪ್ಪ ಎಷ್ಟು ನುಣುಪು ಮಾಡಿದ್ದನೆಂದರೆ ಬೆರಳು ಜಾರಿ ತಾನಾಗಿಯೇ ಒಳಗಿಳಿದು, ಅಳತೆ ಕೊಟ್ಟು ಮಾಡಿಸಿದಂತೆ, ಅಲ್ಲಿ ಕೂತುಬಿಟ್ಟಿತು.